ರಿವಿಷನ್ ಮಿತಿ ಹಾಕಿದರೂ ಡೇಟಾಬೇಸ್ ಉಬ್ಬುತ್ತಲೇ ಇದೆಯೇ? ವರ್ಡ್‌ಪ್ರೆಸ್ ದೋಷ ನಿವಾರಣೆ ಕೈಪಿಡಿ

ವರ್ಡ್‌ಪ್ರೆಸ್‌ನಲ್ಲಿ ಪೋಸ್ಟ್ ತಿದ್ದಿ ಅಪ್‌ಡೇಟ್ ಒತ್ತಿದಾಗಲೆಲ್ಲ ಅದರ ಒಂದು ಪ್ರತಿ ರಿವಿಷನ್ ಆಗಿ ಡೇಟಾಬೇಸಿನಲ್ಲಿ ಕೂರುತ್ತದೆ. 2008ರಲ್ಲಿ ಬಂದ 2.6ನೇ ಆವೃತ್ತಿಯಿಂದಲೂ ಈ ವ್ಯವಸ್ಥೆ ಇದೆ. ನಾವಾಗಿ ಹೇಳದಿದ್ದರೆ ಇದಕ್ಕೆ ಮಿತಿ ಇಲ್ಲ. ಒಂದು ಅಲ್ಪವಿರಾಮ ಬದಲಿಸಿದರೂ ಉಳಿಯುವುದು ಇಡೀ ಬರಹದ ಪ್ರತಿ.

ಕನ್ನಡ ತಾಣಗಳಿಗೆ ಈ ಭಾರ ಇನ್ನೂ ಹೆಚ್ಚು. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಹೀಗೆ 6 ಸಂಕೇತಗಳಿದ್ದು, ಅದು 18 ಬೈಟ್ ತಿನ್ನುತ್ತದೆ. ಪದಕ್ಕೆ ಸರಾಸರಿ 8 ಸಂಕೇತ ಎಂದಿಟ್ಟುಕೊಂಡರೆ 1500 ಪದಗಳ ಲೇಖನ ಸುಮಾರು 37 ಕೆಬಿ ಆಯಿತು. ಅದಕ್ಕೆ 40 ರಿವಿಷನ್ ಇದ್ದರೆ 1.5 ಎಂಬಿ. ಅಂಥ 800 ಲೇಖನಗಳಿದ್ದರೆ ರಿವಿಷನ್‌ಗಳೇ 1.2 ಜಿಬಿ. ಮಿತಿಯನ್ನು 5ಕ್ಕೆ ಇಳಿಸಿದರೆ ಅದೇ ತಾಣದಲ್ಲಿ 150 ಎಂಬಿ ಸಾಕು.

ಮಿತಿ ಹಾಕಲು ಹಲವು ಪ್ಲಗಿನ್‌ಗಳು, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು ಇವೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಡಬ್ಲ್ಯೂಪಿ ರಿವಿಷನ್ಸ್ ಕಂಟ್ರೋಲ್. ಬೇರೆ ಪ್ಲಗಿನ್ ಬಳಸುತ್ತಿದ್ದರೂ ಲಕ್ಷಣಗಳು ಹೆಚ್ಚುಕಮ್ಮಿ ಇವೇ, ಏಕೆಂದರೆ ಒಳಗೆ ಹೆಚ್ಚಿನವು ಹಿಡಿಯುವುದು ವರ್ಡ್‌ಪ್ರೆಸ್‌ನ ಒಂದೇ ಫಿಲ್ಟರನ್ನು, ಅಂದರೆ ಒಂದು ಬೆಲೆಯನ್ನು ಪ್ಲಗಿನ್‌ಗಳು ಬದಲಿಸಲೆಂದು ವರ್ಡ್‌ಪ್ರೆಸ್ ಬಿಟ್ಟಿರುವ ಜಾಗವನ್ನು.

ಕೈ ಹಾಕುವ ಮೊದಲು

ಅಳಿಸಿದ ರಿವಿಷನ್ ಟ್ರ್ಯಾಶ್‌ಗೆ ಹೋಗುವುದಿಲ್ಲ, ನೇರ ಅಳಿದೇ ಹೋಗುತ್ತದೆ. ಆದ್ದರಿಂದ ಸಂಖ್ಯೆಗಳನ್ನು ನೋಡುವುದಕ್ಕಿಂತ ಮುಂದಿನ ಯಾವ ಹೆಜ್ಜೆಗೂ ಬ್ಯಾಕಪ್ ಬೇಕೇ ಬೇಕು. ಡೇಟಾಬೇಸ್ ನೋಡಲು, ತಿದ್ದಲು ಹೋಸ್ಟಿಂಗ್‌ನಲ್ಲಿ ಸಿಗುವ ಸಾಧನ ಪಿಎಚ್‌ಪಿಮೈಅಡ್ಮಿನ್‌ನ ಎಕ್ಸ್‌ಪೋರ್ಟ್ ಟ್ಯಾಬಿನಿಂದ ಇಡೀ ಡೇಟಾಬೇಸನ್ನು ಇಳಿಸಿಕೊಳ್ಳಿ.

ಇಳಿಸಿಕೊಂಡ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡುವುದು ಕನ್ನಡ ತಾಣದವರಿಗೆ ಬಹಳ ಮುಖ್ಯ. ನಿಮ್ಮ ಯಾವುದಾದರೂ ಲೇಖನದ ಶೀರ್ಷಿಕೆಯನ್ನು ಕನ್ನಡದಲ್ಲೇ ಹುಡುಕಿ. ಅದು ಸಿಗದೆ, ಬರಹ ಇರಬೇಕಾದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಎಕ್ಸ್‌ಪೋರ್ಟ್ ಆಗುವಾಗಲೇ ಅಕ್ಷರ ಸಂಕೇತ ಹಾಳಾಗಿದೆ ಎಂದರ್ಥ. ಆ ಫೈಲಿನಿಂದ ಕನ್ನಡ ಮರಳಿ ಬರುವುದಿಲ್ಲ. ಅಲ್ಲಿಗೇ ನಿಲ್ಲಿಸಿ, ಸರಿಯಾದ ಬ್ಯಾಕಪ್ ಕೊಡಲು ಹೋಸ್ಟಿಂಗ್‌ನವರನ್ನು ಕೇಳಿ. ಫೈಲಿನ ಕೊನೆಯನ್ನೂ ನೋಡಿ. ಒಂದು ಲೇಖನದ ನಡುಮಧ್ಯೆ ತಟ್ಟನೆ ನಿಂತಿದ್ದರೆ ಸಮಯ ಮೀರಿ ಎಕ್ಸ್‌ಪೋರ್ಟ್ ಕಡಿದುಹೋಗಿದೆ. ಅಂಥದ್ದನ್ನೂ ನೆಚ್ಚಬೇಡಿ.

ಲಕ್ಷಣ: ಡೇಟಾಬೇಸ್ ತುಂಬುತ್ತಿದೆ ಎಂದು ಹೋಸ್ಟಿಂಗ್‌ನಿಂದ ಎಚ್ಚರಿಕೆ

ರಿವಿಷನ್ನೇ ಕಾರಣ ಎಂದು ಮೊದಲೇ ತೀರ್ಮಾನಿಸಬೇಡಿ, ಅಳೆದು ನೋಡಿ. ಟೂಲ್ಸ್, ಸೈಟ್ ಹೆಲ್ತ್, ಇನ್ಫೋ ಎಂಬಲ್ಲಿಗೆ ಹೋಗಿ ಡೈರೆಕ್ಟರಿ ಗಾತ್ರಗಳ ಭಾಗ ತೆರೆದರೆ ಡೇಟಾಬೇಸಿನ ಒಟ್ಟು ಗಾತ್ರ ಕಾಣುತ್ತದೆ. ನಂತರ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಟೇಬಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ.

ಪೋಸ್ಟ್ಸ್ ಟೇಬಲ್ ಮೇಲೆ ಬಂದರೆ ರಿವಿಷನ್ ಮೇಲಿನ ಅನುಮಾನ ಸರಿ. ಆಪ್ಷನ್ಸ್ ಟೇಬಲ್, ಹಿನ್ನೆಲೆ ಕೆಲಸಗಳನ್ನು ಸರದಿಯಲ್ಲಿಡುವ ಆಕ್ಷನ್ ಶೆಡ್ಯೂಲರ್‌ನ ಟೇಬಲ್‌ಗಳು ಅಥವಾ ಯಾವುದೋ ಭದ್ರತಾ ಪ್ಲಗಿನ್ನಿನ ಲಾಗ್ ಟೇಬಲ್ ಮೇಲೆ ಬಂದರೆ ರಿವಿಷನ್ ಎಷ್ಟು ಅಳಿಸಿದರೂ ಪ್ರಯೋಜನವಿಲ್ಲ. ಪೋಸ್ಟ್‌ಗಳ ಹೆಚ್ಚುವರಿ ಮಾಹಿತಿ ಇಡುವ ಪೋಸ್ಟ್‌ಮೆಟಾ ಟೇಬಲ್ ದೊಡ್ಡದಾಗಿದ್ದು ತಾಣ ಎಲಿಮೆಂಟರ್ ಎಂಬ ಪುಟ ವಿನ್ಯಾಸದ ಪ್ಲಗಿನ್ನಿನಲ್ಲಿ ಕಟ್ಟಿದ್ದಾದರೆ ಅದಕ್ಕೂ ರಿವಿಷನ್ನಿಗೂ ನಂಟಿದೆ. ಎಲಿಮೆಂಟರ್ ಪುಟದ ವಿನ್ಯಾಸವನ್ನೆಲ್ಲ ಮೆಟಾದಲ್ಲಿ ಇಡುತ್ತದೆ, ರಿವಿಷನ್ ಆದಾಗ ಅದರ ಪ್ರತಿಯೂ ಜೊತೆಗೆ ಹೋಗುತ್ತದೆ.

ಈಗ ಎಣಿಕೆ. ಪೋಸ್ಟ್ಸ್ ಟೇಬಲ್ ತೆರೆದು ಸರ್ಚ್ ಟ್ಯಾಬಿಗೆ ಹೋಗಿ. ಪೋಸ್ಟ್ ಟೈಪ್ ಎಂಬ ಕಾಲಮ್ಮಿನ ಎದುರು ರಿವಿಷನ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪಿಸಿ ಗೋ ಒತ್ತಿ. ಮೇಲೆ ಒಟ್ಟು ಸಾಲುಗಳ ಸಂಖ್ಯೆ ಬರುತ್ತದೆ. ಟೇಬಲ್ ಪಟ್ಟಿಯ ಪಕ್ಕದಲ್ಲಿ ಕಾಣುವ ಸಾಲುಗಳ ಸಂಖ್ಯೆ ಅಂದಾಜಿನದು, ಹೀಗೆ ಹುಡುಕಿದಾಗ ಬರುವುದೇ ನಿಖರ. ಅದನ್ನು ಬರೆದಿಟ್ಟುಕೊಳ್ಳಿ. ಪೋಸ್ಟ್ ಮತ್ತು ಪೇಜ್‌ಗಳ ಒಟ್ಟು ಸಂಖ್ಯೆಯಿಂದ ಅದನ್ನು ಭಾಗಿಸಿ. ಒಂದಕ್ಕೆ 4 ಅಥವಾ 5 ಬಂದರೆ ಗಾಬರಿಪಡುವಂಥದ್ದೇನಿಲ್ಲ. 20 ದಾಟಿದರೆ ಮಿತಿ ಹಾಕಿದ್ದಕ್ಕೆ ಫಲ ಕಣ್ಣಿಗೆ ಕಾಣುತ್ತದೆ.

ಲಕ್ಷಣ: ಮಿತಿ ಹಾಕಿ ಸೇವ್ ಮಾಡಿದ್ದಾಯಿತು, ಎಣಿಕೆ ಒಂದೂ ಇಳಿದಿಲ್ಲ

ಪ್ಲಗಿನ್ ಕೆಲಸವೇ ಮಾಡುತ್ತಿಲ್ಲ ಎಂಬ ದೂರು ಬಹುಪಾಲು ಇಲ್ಲಿಂದಲೇ ಬರುವುದು. ಪ್ಲಗಿನ್ನಿನಲ್ಲಿ ತಪ್ಪಿಲ್ಲ.

ಮಿತಿಯ ಲೆಕ್ಕ ನಡೆಯುವುದು ಒಂದು ಪೋಸ್ಟ್ ಸೇವ್ ಆಗುವ ಹೊತ್ತಿನಲ್ಲಿ ಮಾತ್ರ. ನೀವು ಅಪ್‌ಡೇಟ್ ಒತ್ತಿದಾಗ ವರ್ಡ್‌ಪ್ರೆಸ್ ಹೊಸ ರಿವಿಷನ್ ಬರೆಯುತ್ತದೆ, ಆ ಪೋಸ್ಟಿನ ಹಳೆಯವನ್ನು ಎಣಿಸುತ್ತದೆ, ಮಿತಿ ಮೀರಿದಷ್ಟನ್ನು ಹಳತರಿಂದ ಶುರುಮಾಡಿ ಅಳಿಸುತ್ತದೆ. ಉಳಿದ ಪೋಸ್ಟ್‌ಗಳತ್ತ ತಿರುಗಿಯೂ ನೋಡುವುದಿಲ್ಲ. ಐದು ವರ್ಷದಿಂದ ಯಾರೂ ಮುಟ್ಟದ ಲೇಖನದ 60 ರಿವಿಷನ್‌ಗಳು ಮಿತಿ 5 ಇದ್ದರೂ ಹಾಗೇ ಇರುತ್ತವೆ.

ಪರೀಕ್ಷೆ ಸುಲಭ. ಹೆಚ್ಚು ರಿವಿಷನ್ ಇರುವ ಒಂದು ಪೋಸ್ಟ್ ತೆರೆದು, ಒಂದು ಪದ ಬದಲಿಸಿ, ಅಪ್‌ಡೇಟ್ ಮಾಡಿ, ಪುಟವನ್ನು ರಿಫ್ರೆಶ್ ಮಾಡಿ. ಏನೂ ಬದಲಿಸದೆ ಅಪ್‌ಡೇಟ್ ಒತ್ತಿದರೆ ಹೊಸ ರಿವಿಷನ್ ಹುಟ್ಟುವುದಿಲ್ಲ, ಹಳೆಯದನ್ನು ಅಳಿಸುವ ಹಂತಕ್ಕೂ ಅದು ಹೋಗುವುದಿಲ್ಲ. ಎಣಿಕೆ ಇಳಿದರೆ ಮಿತಿ ಸರಿಯಾಗಿದೆ, ಬಾಕಿ ಇರುವುದು ಹಳೆಯ ರಾಶಿಯನ್ನು ಬೇರೆಯಾಗಿ ತೆಗೆಯುವ ಕೆಲಸ. ಅದಕ್ಕೆ ಡಬ್ಲ್ಯೂಪಿ-ಆಪ್ಟಿಮೈಜ್‌ನಂಥ ಶುಚಿಗೊಳಿಸುವ ಪ್ಲಗಿನ್ ಬೇಕು.

ಮಿತಿಯನ್ನು 0 ಮಾಡಿದವರು ಇನ್ನೊಂದು ಮಾತು ಗಮನಿಸಬೇಕು. 0 ಎಂದರೆ ಆ ಬಗೆಯ ಪೋಸ್ಟಿಗೆ ರಿವಿಷನ್ ವ್ಯವಸ್ಥೆಯೇ ಬಂದ್. ಆಗ ವರ್ಡ್‌ಪ್ರೆಸ್ ಅಳಿಸುವ ಹಂತ ಮುಟ್ಟುವ ಮೊದಲೇ ವಾಪಸ್ ಬರುತ್ತದೆ. ಹಾಗಾಗಿ ಪೋಸ್ಟನ್ನು ನೂರು ಸಲ ತಿದ್ದಿದರೂ ಹಳೆಯ ರಿವಿಷನ್‌ಗಳು ಕದಲುವುದಿಲ್ಲ. ಜಾಗ ಉಳಿಸಲು 0 ಹಾಕಿದರೆ ಹಳೆಯ ಜಾಗವೂ ಸಿಗುವುದಿಲ್ಲ, ಮುಂದೆ ಬರಹಕ್ಕೆ ರಕ್ಷಣೆಯೂ ಇರುವುದಿಲ್ಲ. ಒಬ್ಬರೇ ಬರೆಯುವ ತಾಣಕ್ಕೆ 5ರಿಂದ 10, ಹಲವರು ತಿದ್ದುವ ಪತ್ರಿಕೆಗೆ 15ರಿಂದ 20 ಇಟ್ಟುಕೊಳ್ಳಿ. 0 ಬೇಡ.

ಲಕ್ಷಣ: ಮಿತಿ 5, ಆದರೆ 6 ಅಥವಾ 7 ಕಾಣುತ್ತಿವೆ

ಒಂದೆರಡು ಹೆಚ್ಚಿದ್ದರೆ ಅದು ದೋಷವಲ್ಲ. ಆಟೋಸೇವ್‌ಗಳೂ ಡೇಟಾಬೇಸಿನಲ್ಲಿ ರಿವಿಷನ್ ಎಂದೇ ನಮೂದಾಗುತ್ತವೆ. ಪ್ರತಿ ಪೋಸ್ಟಿಗೆ ಪ್ರತಿ ಬಳಕೆದಾರರದು ಒಂದೊಂದು ಇರಬಹುದು, ಮಿತಿ ಮೀರಿದ್ದನ್ನು ಅಳಿಸುವಾಗ ವರ್ಡ್‌ಪ್ರೆಸ್ ಅವನ್ನು ಮುಟ್ಟುವುದಿಲ್ಲ. ಪೋಸ್ಟ್ ನೇಮ್ ಕಾಲಮ್ಮಿನಲ್ಲಿ ಪೋಸ್ಟಿನ ಐಡಿ ಸಂಖ್ಯೆಯ ಮುಂದೆ ರಿವಿಷನ್ ಎಂದಿದೆಯೋ ಆಟೋಸೇವ್ ಎಂದಿದೆಯೋ ನೋಡಿದರೆ ತಿಳಿಯುತ್ತದೆ.

ಐದರ ಬದಲು 30, 40 ಇದ್ದು, ಪದ ಬದಲಿಸಿ ಅಪ್‌ಡೇಟ್ ಮಾಡಿದರೂ ಇಳಿಯದಿದ್ದರೆ ಎರಡು ಕಡೆಯಿಂದ ಎರಡು ಸಂಖ್ಯೆ ಬರುತ್ತಿರಬಹುದು. ಮೊದಲು ಪ್ಲಗಿನ್ನಿನ ಸೆಟ್ಟಿಂಗ್ ಇನ್ನೊಮ್ಮೆ ನೋಡಿ. ಡಬ್ಲ್ಯೂಪಿ ರಿವಿಷನ್ಸ್ ಕಂಟ್ರೋಲ್‌ನಲ್ಲಿ ಅದು ಇರುವುದು ಸೆಟ್ಟಿಂಗ್ಸ್ ಅಡಿಯ ರೈಟಿಂಗ್ ಪುಟದಲ್ಲಿ. ಅಲ್ಲಿ ಪೋಸ್ಟ್, ಪೇಜ್ ಎಂದು ಪ್ರತಿ ಬಗೆಗೂ ಬೇರೆ ಚೌಕ. ಖಾಲಿ ಬಿಟ್ಟ ಚೌಕದ ಅರ್ಥ 'ಎಲ್ಲವನ್ನೂ ಇಟ್ಟುಕೊ' ಎಂದು. ಪೋಸ್ಟಿಗೆ 5 ಹಾಕಿ ಪೇಜ್ ಚೌಕವನ್ನು ಖಾಲಿ ಬಿಟ್ಟಿರುವುದು ಬಹಳ ಸಲ ಕಣ್ತಪ್ಪುತ್ತದೆ.

ಅಲ್ಲಿ ಸರಿಯಿದ್ದರೆ, ತಾಣದ ಮೂಲ ಸೆಟ್ಟಿಂಗ್‌ಗಳಿರುವ ಡಬ್ಲ್ಯೂಪಿ-ಕಾನ್ಫಿಗ್ ಫೈಲ್ ಮತ್ತು ಪ್ಲಗಿನ್ ಇವೆರಡರಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ತಿಳಿದಿರಬೇಕು. ವರ್ಡ್‌ಪ್ರೆಸ್ ಮೊದಲು ಕಾನ್ಫಿಗ್ ಫೈಲಿನ ಸಂಖ್ಯೆ ಎತ್ತಿಕೊಂಡು, ಆಮೇಲೆ ಫಿಲ್ಟರಿಗೆ ಕೊಡುತ್ತದೆ. ಪ್ಲಗಿನ್ ಕೂತಿರುವುದು ಆ ಫಿಲ್ಟರಿನಲ್ಲಿ. ಆದ್ದರಿಂದ ನಡೆಯುವುದು ಪ್ಲಗಿನ್ನಿನ ಮಾತು. ಒಂದೇ ಫಿಲ್ಟರಿನಲ್ಲಿ ಎರಡು ಪ್ಲಗಿನ್ ಕೂತರೆ ಕೊನೆಗೆ ಓಡಿದ್ದರ ಸಂಖ್ಯೆ ಉಳಿಯುತ್ತದೆ. ವೇಗ ಹೆಚ್ಚಿಸುವ ಪ್ಲಗಿನ್‌ಗಳಲ್ಲೂ ರಿವಿಷನ್ ಮಿತಿಯ ಆಯ್ಕೆ ಅಡಗಿರುತ್ತದೆ, ಥೀಮಿನ ಫಂಕ್ಷನ್ಸ್ ಫೈಲಿನಲ್ಲೂ ಯಾರೋ ಹಿಂದೆ ಒಂದು ಸಾಲು ಸೇರಿಸಿರಬಹುದು. ಹೆಲ್ತ್ ಚೆಕ್ ಆಂಡ್ ಟ್ರಬಲ್‌ಶೂಟಿಂಗ್ ಪ್ಲಗಿನ್ ಹಾಕಿ ಅದರ ಟ್ರಬಲ್‌ಶೂಟಿಂಗ್ ಮೋಡ್‌ಗೆ ಹೋದರೆ ಉಳಿದ ಪ್ಲಗಿನ್‌ಗಳು ನಿಮ್ಮೊಬ್ಬರಿಗೆ ಮಾತ್ರ ಆಫ್ ಆಗುತ್ತವೆ, ಓದುಗರಿಗೆ ತಾಣ ಎಂದಿನಂತೆ ನಡೆಯುತ್ತದೆ. ಮಿತಿಯ ಪ್ಲಗಿನ್ ಒಂದನ್ನೇ ಆನ್ ಮಾಡಿ ಪರೀಕ್ಷಿಸಿ, ಬಳಿಕ ಒಂದೊಂದಾಗಿ ಉಳಿದವನ್ನು ಸೇರಿಸಿ. ಸಿಕ್ಕಿದ ಮೇಲೆ ಮಿತಿಯನ್ನು ಒಂದೇ ಕಡೆ ಇಟ್ಟು ಉಳಿದೆಡೆ ತೆಗೆಯಿರಿ.

ಲಕ್ಷಣ: ಕೆಲವು ಬಗೆಯ ಪೋಸ್ಟ್‌ಗಳ ಹೆಸರೇ ಪಟ್ಟಿಯಲ್ಲಿಲ್ಲ

ರಿವಿಷನ್ ಸೌಲಭ್ಯ ಇಲ್ಲದ ಪೋಸ್ಟ್ ಬಗೆಗಳನ್ನು ಪ್ಲಗಿನ್ ತೋರಿಸುವುದಿಲ್ಲ. ಪುಸ್ತಕ ವಿಮರ್ಶೆಗೋ ಕಾರ್ಯಕ್ರಮಗಳಿಗೋ ಕಸ್ಟಮ್ ಪೋಸ್ಟ್ ಟೈಪ್ (ನಮ್ಮದೇ ಬೇರೆ ಬಗೆಯ ಪೋಸ್ಟ್) ಮಾಡಿಸುವಾಗ ಸಪೋರ್ಟ್ಸ್ ಪಟ್ಟಿಯಲ್ಲಿ ರಿವಿಷನ್ಸ್ ಸೇರಿಸದಿದ್ದರೆ ಹೀಗಾಗುತ್ತದೆ. ಜಾಗದ ದೃಷ್ಟಿಯಿಂದ ತೊಂದರೆಯಿಲ್ಲ. ಆದರೆ ಆ ಬರಹಗಳಿಗೆ ಹಳೆಯ ಪ್ರತಿ ಒಂದೂ ಇಲ್ಲ ಎಂಬುದು ಅಲ್ಲಿ ಬರೆಯುವವರಿಗೆ ಗೊತ್ತಿರಲಿ.

ಲಕ್ಷಣ: ಎಡಿಟರಿನಲ್ಲಿ ರಿವಿಷನ್ಸ್ ಎಂಬ ಸಾಲೇ ಮಾಯ

ಕನಿಷ್ಠ 2 ರಿವಿಷನ್ ಇದ್ದರೆ ಮಾತ್ರ ಎಡಿಟರ್ ಆ ಸಾಲನ್ನು ತೋರಿಸುತ್ತದೆ. ಮಿತಿಯನ್ನು 1 ಮಾಡಿದ್ದರೆ ಅದು ಕಾಣದಿರುವುದು ಸಹಜ. 3.6ನೇ ಆವೃತ್ತಿಯಿಂದೀಚೆಗೆ ತೀರ ಹೊಸ ರಿವಿಷನ್ ಎಂದರೆ ಈಗ ಪ್ರಕಟವಾಗಿರುವ ಬರಹದ್ದೇ ಪ್ರತಿ. ಮಿತಿ 5 ಇದ್ದರೆ ನಿಜವಾಗಿ ಹಿಂದಕ್ಕೆ ಹೋಗಲು ಸಿಗುವುದು 4 ಹಂತ. ಮಿತಿ 1 ಇದ್ದರೆ ಹಿಂದಿನದು ಯಾವುದೂ ಸಿಗುವುದಿಲ್ಲ.

ಯಾರೂ ಮಿತಿ ಬದಲಿಸದೆಯೇ ಮಾಯವಾಗಿದ್ದರೆ ಕಾನ್ಫಿಗ್ ಫೈಲ್ ತೆರೆದು ಡಬ್ಲ್ಯೂಪಿ ಪೋಸ್ಟ್ ರಿವಿಷನ್ಸ್ ಎಂಬ ಕಾನ್‌ಸ್ಟಂಟ್ ಹುಡುಕಿ. ಫೈಲಿನಲ್ಲಿ ಅದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್‌ನೊಂದಿಗೆ ಇರುತ್ತದೆ. ಅದರ ಬೆಲೆ ಟ್ರೂ ಎಂದಿದ್ದು, ಆ ಟ್ರೂ ಉದ್ಧರಣ ಚಿಹ್ನೆಗಳ ಒಳಗಿದ್ದರೆ ಸಿಕ್ಕಿತು ದೋಷ. ಚಿಹ್ನೆಯಿಲ್ಲದ ಟ್ರೂ ಎಂದರೆ 'ಎಲ್ಲವನ್ನೂ ಇಡು'. ಚಿಹ್ನೆಯೊಳಗೆ ಹಾಕಿದರೆ ಅದು ಬರೀ ನಾಲ್ಕು ಅಕ್ಷರದ ಪದ. ಅದನ್ನು ಸಂಖ್ಯೆಗೆ ತಿರುಗಿಸಿದಾಗ ವರ್ಡ್‌ಪ್ರೆಸ್‌ಗೆ ಸಿಗುವುದು 0. ಎಲ್ಲವನ್ನೂ ಇಡು ಎಂದು ಬರೆದದ್ದು ಯಾವುದನ್ನೂ ಇಡಬೇಡ ಎಂದಾಗಿರುತ್ತದೆ. ಚಿಹ್ನೆ ತೆಗೆದು ಸಂಖ್ಯೆಯನ್ನೇ ಹಾಕಿ.

ಎರಡು ರಿವಿಷನ್ ಹೋಲಿಸಿದಾಗ ಎರಡೂ ಕಡೆ ಒಂದೇ ಬರಹ ಕಂಡು, ಆದರೂ ಬದಲಾವಣೆ ಎಂದು ಬಣ್ಣ ಬಂದಿದ್ದರೆ ಅದು ಕನ್ನಡ ಟೈಪಿಂಗಿನ ಕಣ್ಣಿಗೆ ಕಾಣದ ಸಂಕೇತದ ಕೆಲಸ. ಅರ್ಧಾಕ್ಷರದ ಮುಂದೆ ಒತ್ತಕ್ಷರ ಆಗದಂತೆ ತಡೆಯುವ ಜೋಡಣೆ-ತಡೆ ಸಂಕೇತ ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ವರ್ಡ್‌ಪ್ರೆಸ್‌ಗೆ ಅವು ಎರಡು ಬೇರೆ ಬರಹಗಳೇ. ದೋಷವೇನೂ ಇಲ್ಲ.

ಲಕ್ಷಣ: ಕಾನ್ಫಿಗ್ ಫೈಲ್ ತಿದ್ದಿದ ಕೂಡಲೇ ತಾಣ ಬಿಳಿ ಪರದೆ, ಅಥವಾ 500 ದೋಷ

ಸೇರಿಸಿದ ಸಾಲಿನಲ್ಲಿ ಅರ್ಧವಿರಾಮ ಬಿಟ್ಟುಹೋಗಿದೆ, ಇಲ್ಲವೇ ಎಲ್ಲಿಂದಲೋ ನಕಲು ಮಾಡಿದಾಗ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬಂದಿದೆ. ಕಾನ್ಫಿಗ್ ಫೈಲ್ ಓದುವ ಹೊತ್ತಿಗೆ ವರ್ಡ್‌ಪ್ರೆಸ್‌ನ ರಿಕವರಿ ಮೋಡ್ ಇನ್ನೂ ಎಚ್ಚರವಾಗಿರುವುದಿಲ್ಲ, ಹಾಗಾಗಿ ಇಮೇಲ್‌ನಲ್ಲಿ ಲಿಂಕ್ ಬರುತ್ತದೆಂದು ಕಾಯಬೇಡಿ. ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಲ್ಲಿ ಆ ಸಾಲನ್ನು ಅಳಿಸಿ, ತಾಣ ಮರಳುತ್ತದೆ. ಆಮೇಲೆ ಚಿಹ್ನೆಗಳನ್ನು ಕೈಯಾರೆ ಟೈಪ್ ಮಾಡಿ ಸೇರಿಸಿ.

ತಾಣ ನಡೆಯುತ್ತಿದೆ, ಆದರೆ ಸಾಲಿಗೆ ಬೆಲೆಯೇ ಇಲ್ಲ ಎಂದಾದರೆ ಜಾಗ ನೋಡಿ. ಡಬ್ಲ್ಯೂಪಿ-ಸೆಟ್ಟಿಂಗ್ಸ್ ಫೈಲನ್ನು ಕರೆಯುವ ಕೊನೆಯ ಸಾಲಿಗಿಂತ ಮೇಲೆ ಅದು ಇರಬೇಕು. ಕೆಳಗೆ ಹಾಕಿದರೆ ಅಷ್ಟರಲ್ಲಿ ವರ್ಡ್‌ಪ್ರೆಸ್ ತನ್ನದೇ ಬೆಲೆ ಗೊತ್ತುಮಾಡಿಕೊಂಡಿರುತ್ತದೆ. ಪ್ಲಗಿನ್ ಮೂಲಕ ಮಿತಿ ಹಾಕಿದ್ದರೆ ಈ ಫೈಲನ್ನು ಮುಟ್ಟುವ ಅಗತ್ಯವೇ ಇಲ್ಲ.

ಲಕ್ಷಣ: ಯಾರೂ ಬರೆಯುತ್ತಿಲ್ಲ, ರಿವಿಷನ್ ಮಾತ್ರ ಏರುತ್ತಿದೆ

ಪಿಎಚ್‌ಪಿಮೈಅಡ್ಮಿನ್‌ನಲ್ಲಿ ರಿವಿಷನ್ ಸಾಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಸಮಯ ಮತ್ತು ಪೋಸ್ಟ್ ಆಥರ್ ಕಾಲಮ್ ನೋಡಿ. ಗಂಟೆಗೊಮ್ಮೆಯೋ ದಿನಾ ರಾತ್ರಿ ಒಂದೇ ಹೊತ್ತಿಗೋ ಬಂದಿದ್ದರೆ ಅದು ಯಂತ್ರದ ಕೈ. ಬೇರೆಡೆಯಿಂದ ಸುದ್ದಿ ಎಳೆದು ತರುವ ಇಂಪೋರ್ಟ್ ಪ್ಲಗಿನ್, ಬರಹದೊಳಗಿನ ಲಿಂಕ್ ತಿದ್ದುವ ಪ್ಲಗಿನ್ ಇಂಥವು ಪೋಸ್ಟನ್ನು ತಾವೇ ಅಪ್‌ಡೇಟ್ ಮಾಡುತ್ತವೆ, ಪ್ರತಿ ಸಲ ರಿವಿಷನ್ ಹುಟ್ಟುತ್ತದೆ. ಇಲ್ಲಿ ಅಪಾಯ ಜಾಗದ್ದಷ್ಟೇ ಅಲ್ಲ. ಮಿತಿ 5 ಇದ್ದು ಯಂತ್ರ ಗಂಟೆಗೊಮ್ಮೆ ಬರಹ ಬದಲಿಸುತ್ತಿದ್ದರೆ, ಸಂಪಾದಕರು ಬೆಳಿಗ್ಗೆ ತಿದ್ದಿದ ಪ್ರತಿ ಮಧ್ಯಾಹ್ನದೊಳಗೆ ಹೊರದೂಡಲ್ಪಟ್ಟಿರುತ್ತದೆ. ಮೊದಲು ಆ ಪ್ಲಗಿನ್ನಿನ ವೇಳಾಪಟ್ಟಿ ಸರಿಪಡಿಸಿ, ಆಮೇಲೆ ಮಿತಿ.

ಲಕ್ಷಣ: ಅಳಿಸುವ ಬಟನ್ ಒತ್ತಿದರೆ ಪುಟ ಸುತ್ತುತ್ತಲೇ ಇದೆ, ಕೊನೆಗೆ 504 ದೋಷ

ಹತ್ತಾರು ಸಾವಿರ ರಿವಿಷನ್‌ಗಳನ್ನು ಒಂದೇ ಏಟಿಗೆ ಅಳಿಸಲು ಹೋದಾಗ ಸರ್ವರಿನ ಸಮಯ ಮಿತಿ ಮುಗಿಯುತ್ತದೆ. ಪುಟ ಸತ್ತರೂ ಕೆಲಸ ಒಂದಷ್ಟು ಮುಂದೆ ಸಾಗಿರಬಹುದು, ಆದ್ದರಿಂದ ಮತ್ತೆ ಮತ್ತೆ ಬಟನ್ ಒತ್ತಬೇಡಿ. ಎಣಿಕೆ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ನಂತರ ತುಂಡು ತುಂಡಾಗಿ ಅಳಿಸಿ: ಇತ್ತೀಚಿನ ಕೆಲವು ವಾರಗಳದ್ದನ್ನು ಉಳಿಸು ಎಂಬ ಆಯ್ಕೆ ಪ್ಲಗಿನ್ನಿನಲ್ಲಿದ್ದರೆ ಮೊದಲು 52 ವಾರ ಕೊಟ್ಟು, ಬಳಿಕ 26, 12 ಎಂದು ಇಳಿಸುತ್ತ ಬನ್ನಿ. ಸರ್ವರಿಗೆ ಕಮಾಂಡ್ ಲೈನ್ ಪ್ರವೇಶ ಇದ್ದವರಿಗೆ ಕಮಾಂಡ್‌ಗಳಿಂದಲೇ ವರ್ಡ್‌ಪ್ರೆಸ್ ನಡೆಸುವ ಡಬ್ಲ್ಯೂಪಿ-ಸಿಎಲ್‌ಐ ಇನ್ನೂ ಸಲೀಸು, ಅದಕ್ಕೆ ವೆಬ್ ಪುಟದ ಸಮಯ ಮಿತಿ ತಾಗುವುದಿಲ್ಲ.

ಪೋಸ್ಟ್ಸ್ ಟೇಬಲ್‌ನಿಂದ ರಿವಿಷನ್ ಸಾಲುಗಳನ್ನು ನೇರವಾಗಿ ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸಿಗೆ ಆದೇಶ ಕೊಡುವ ಭಾಷೆಯಲ್ಲಿ) ಅಳಿಸುವ ದಾರಿ ಬೇಡ. ವರ್ಡ್‌ಪ್ರೆಸ್ ಮೂಲಕ ಅಳಿಸಿದರೆ ರಿವಿಷನ್ ಜೊತೆ ಅದರ ಮೆಟಾ ಸಾಲುಗಳೂ ಹೋಗುತ್ತವೆ. ನೇರ ಅಳಿಸಿದರೆ ಅವು ಪೋಸ್ಟ್‌ಮೆಟಾದಲ್ಲಿ ದಿಕ್ಕಿಲ್ಲದೆ ಉಳಿಯುತ್ತವೆ, ಎಲಿಮೆಂಟರ್ ತಾಣದಲ್ಲಿ ಹೆಚ್ಚಿನ ಭಾರ ಇರುವುದೇ ಅಲ್ಲಿ.

ಲಕ್ಷಣ: ರಿವಿಷನ್ ಹೋದವು, ಡೇಟಾಬೇಸ್ ಗಾತ್ರ ಅಷ್ಟೇ ಇದೆ

ಇನ್ನೋಡಿಬಿ (ಡೇಟಾಬೇಸ್ ತನ್ನ ಟೇಬಲ್‌ಗಳನ್ನು ಇಡುವ ಒಂದು ಬಗೆ) ಟೇಬಲ್‌ನಿಂದ ಸಾಲು ಅಳಿಸಿದರೆ ಆ ಜಾಗ ಟೇಬಲ್ಲಿನ ಒಳಗೇ ಖಾಲಿ ಉಳಿದು ಮುಂದಿನ ಬರಹಗಳಿಗೆ ಬಳಕೆಯಾಗುತ್ತದೆ, ಡಿಸ್ಕಿಗೆ ಮರಳುವುದಿಲ್ಲ. ಮರಳಿಸಲು ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಟೇಬಲ್ ಆಯ್ದು ಆಪ್ಟಿಮೈಜ್ ಟೇಬಲ್ ಕೊಡಬೇಕು. ಟೇಬಲ್ ಆಪ್ಟಿಮೈಜ್‌ಗೆ ಒಗ್ಗದು, ಬದಲಿಗೆ ಮರುಸೃಷ್ಟಿ ಮಾಡಲಾಗುತ್ತಿದೆ ಎಂಬರ್ಥದ ಸಂದೇಶ ಬಂದರೆ ಹೆದರಬೇಡಿ, ಇನ್ನೋಡಿಬಿಗೆ ಅದೇ ಸರಿಯಾದ ಕ್ರಮ. ಮರುಸೃಷ್ಟಿ ಎಂದರೆ ಟೇಬಲ್ಲಿನ ಹೊಸ ಪ್ರತಿ ಕಟ್ಟಿ ಹಳೆಯದನ್ನು ಬಿಡುವುದು. ಆ ಹೊತ್ತಿನಲ್ಲಿ ಟೇಬಲ್ಲಿನಷ್ಟೇ ಖಾಲಿ ಜಾಗ ಡಿಸ್ಕಿನಲ್ಲಿ ಬೇಕಾದೀತು. ಡಿಸ್ಕ್ ಈಗಾಗಲೇ ತುಂಬಿರುವ ಖಾತೆಯಲ್ಲಿ ಇದನ್ನು ಮಾಡಬೇಡಿ, ಹೋಸ್ಟಿಂಗ್‌ನವರಿಗೇ ಹೇಳಿ. ಓದುಗರು ಕಡಿಮೆ ಇರುವ ರಾತ್ರಿ ಹೊತ್ತನ್ನೇ ಆರಿಸಿಕೊಳ್ಳಿ.

ಲಕ್ಷಣ: ಎಲ್ಲ ಅಳಿಸಿದರೂ ತಾಣ ನಿಧಾನ

ಓದುಗರಿಗೆ ಪುಟ ತಡವಾಗಿ ತೆರೆಯಲು ರಿವಿಷನ್ ಕಾರಣವಾಗುವುದು ಅಪರೂಪ. ಮುಖಪುಟಕ್ಕೆ ಬೇಕಾದ ಲೇಖನಗಳನ್ನು ಡೇಟಾಬೇಸಿನಲ್ಲಿ ಹುಡುಕುವ ಕೆಲಸ ಪೋಸ್ಟ್ ಬಗೆ ಮತ್ತು ಸ್ಥಿತಿಯ ಇಂಡೆಕ್ಸ್ ಹಿಡಿದು ನಡೆಯುವುದರಿಂದ ರಿವಿಷನ್‌ಗಳನ್ನು ಅದು ಮುಟ್ಟುವುದೇ ಇಲ್ಲ. ರಿವಿಷನ್ ರಾಶಿಯ ಪೆಟ್ಟು ಬೀಳುವುದು ಬ್ಯಾಕಪ್ ಸಮಯ, ತಾಣದ ಸ್ಥಳಾಂತರ, ಹೋಸ್ಟಿಂಗ್ ಕೋಟಾ ಇವುಗಳ ಮೇಲೆ. ವೇಗಕ್ಕಾಗಿ ನೋಡಬೇಕಾದ್ದು ಬೇರೆ: 6.6ನೇ ಆವೃತ್ತಿಯಿಂದ ಸೈಟ್ ಹೆಲ್ತ್, ಪ್ರತಿ ಪುಟಕ್ಕೂ ತಾನಾಗಿ ಲೋಡ್ ಆಗುವ ಆಪ್ಷನ್‌ಗಳು 800 ಕೆಬಿ ದಾಟಿದರೆ ಎಚ್ಚರಿಸುತ್ತದೆ. ಅಲ್ಲಿಂದ ಶುರುಮಾಡಿ, ಆಮೇಲೆ ಕ್ಯಾಶ್ ಮತ್ತು ಚಿತ್ರಗಳ ಗಾತ್ರ.

ಲಕ್ಷಣ: ಬರೆದದ್ದು ಕಳೆದುಹೋಗಿದೆ, ರಿವಿಷನ್ನಿನಲ್ಲೂ ಇಲ್ಲ

ಬೇರೆಲ್ಲವನ್ನೂ ನಿಲ್ಲಿಸಿ. ಆ ಪೋಸ್ಟನ್ನು ಮತ್ತೆ ಸೇವ್ ಮಾಡಬೇಡಿ, ಪ್ರತಿ ಸೇವ್ ಇನ್ನೊಂದು ಹಳೆಯ ಪ್ರತಿಯನ್ನು ತಳ್ಳಬಹುದು. ಶುಚಿಗೊಳಿಸುವ ಪ್ಲಗಿನ್ನಿಗೆ ವೇಳಾಪಟ್ಟಿ ಇದ್ದರೆ ಈಗಲೇ ಆಫ್ ಮಾಡಿ. ಬರೆಯುತ್ತಿದ್ದ ಬ್ರೌಸರ್ ಟ್ಯಾಬ್ ತೆರೆದೇ ಇದ್ದರೆ ಮುಚ್ಚಬೇಡಿ: ಎಡಿಟರ್ ಅಲ್ಲೇ ಒಂದು ಸ್ಥಳೀಯ ಪ್ರತಿ ಇಟ್ಟುಕೊಂಡಿರುತ್ತದೆ, ಟ್ಯಾಬ್ ಮುಚ್ಚಿದರೆ ಅದೂ ಹೋಗುತ್ತದೆ. ಸರ್ವರಿನ ಆಟೋಸೇವ್ 60 ಸೆಕೆಂಡಿಗೊಮ್ಮೆ ನಡೆಯುತ್ತದೆ, ಮಿತಿ 0 ಇದ್ದರೂ ಅದು ಉಳಿದಿರುತ್ತದೆ. ಆಟೋಸೇವ್ ಇದೆ ಎಂಬ ಪಟ್ಟಿ ಎಡಿಟರಿನ ಮೇಲೆ ಕಂಡರೆ ತಳ್ಳಿಹಾಕದೆ ತೆರೆದು ನೋಡಿ. ತಂಡದ ಬೇರೊಬ್ಬರು ಅದೇ ಪೋಸ್ಟ್ ತೆರೆದಿದ್ದರೆ ಅವರ ಹೆಸರಿನ ಆಟೋಸೇವ್‌ನಲ್ಲೂ ಪ್ರತಿ ಇದ್ದೀತು.

ಯಾವುದೂ ಸಿಗದಿದ್ದರೆ ಉಳಿದದ್ದು ಬ್ಯಾಕಪ್. ಅದನ್ನು ನಡೆಯುತ್ತಿರುವ ತಾಣದ ಮೇಲೆ ಹೇರಬೇಡಿ, ಅಂದಿನಿಂದ ಬಂದ ಕಾಮೆಂಟು, ಹೊಸ ಲೇಖನಗಳೆಲ್ಲ ಅಳಿದುಹೋಗುತ್ತವೆ. ಬೇರೊಂದು ಖಾಲಿ ಡೇಟಾಬೇಸಿಗೆ ಇಂಪೋರ್ಟ್ ಮಾಡಿ, ಪೋಸ್ಟ್ ಪೇರೆಂಟ್ ಕಾಲಮ್ಮಿನಲ್ಲಿ ಆ ಪೋಸ್ಟಿನ ಐಡಿ ಹಾಕಿ ಹುಡುಕಿ. ಆಗ ಅದರ ಎಲ್ಲ ರಿವಿಷನ್‌ಗಳೂ ಸಾಲಾಗಿ ಬರುತ್ತವೆ. ಬೇಕಾದ ಸಾಲಿನ ಪೋಸ್ಟ್ ಕಂಟೆಂಟ್ ನಕಲು ಮಾಡಿ ಎಡಿಟರಿನ ಕೋಡ್ ನೋಟಕ್ಕೆ ಅಂಟಿಸಿ. ಇದು ಕೈಮೀರುತ್ತಿದೆ ಅನ್ನಿಸಿದರೆ ಮೊದಲು ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ, ಇರುವ ಬ್ಯಾಕಪ್‌ಗಳಲ್ಲಿ ಯಾವುದನ್ನೂ ಅಳಿಸಬೇಡಿ ಎಂದು ಹೇಳಿ. ದಿನಂಪ್ರತಿ ಬ್ಯಾಕಪ್‌ಗಳನ್ನು ಕೆಲವೇ ದಿನ ಇಟ್ಟುಕೊಂಡು ಹಳೆಯವನ್ನು ತೆಗೆಯುತ್ತ ಹೋಗುವುದು ಹೋಸ್ಟಿಂಗ್‌ನಲ್ಲಿ ಸಾಮಾನ್ಯ.